ಎಲ್ಲಿಯವರೆಗೆ ಬಂದಿದೆ?

ನನ್ನ ಊರು ಕುರುಗೋಡು, ಕಾಲೇಜು ಬಳ್ಳಾರಿ. ಎರಡನೇ ವರ್ಷದ ಇಂಟರ್ನ್‌ಶಿಪ್ಪಿಗೆ ಸಿಕ್ಕಿದ್ದು ಸಿರುಗುಪ್ಪದ ಒಂದು ಸರ್ಕಾರಿ ಪ್ರೌಢಶಾಲೆ. 2019ರ ಆ 16 ವಾರಗಳಲ್ಲಿ ನಾನು ಬರೆದ ಪಾಠಯೋಜನೆಗಳು ಒಂದು ಕಪಾಟು ತುಂಬುವಷ್ಟಿವೆ. ಆದರೆ ಬೋಧನೆಯ ಬಗ್ಗೆ ನಿಜವಾಗಿ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ನೆನಪಾಗುವುದು ಪಾಠಯೋಜನೆಗಳಲ್ಲ. ಅಂಗೈ ಅಗಲದ ಒಂದು ಕಂಪ್ಯೂಟರು ಐದು ದಿನ ನನ್ನನ್ನು ಕಾಡಿದ ಕಥೆ. ಅದನ್ನು ಕಿರಿಯ ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪುಗಳೇ ಹೆಚ್ಚು.

ಶೀಟ್ ಕೊಠಡಿಯ ಮಕ್ಕಳು

ಎಂಟನೇ ತರಗತಿ ‘ಬಿ’ ವಿಭಾಗ ಕೂರುತ್ತಿದ್ದುದು ತಗಡಿನ ಶೀಟ್ ಹೊದಿಸಿದ ಕೊಠಡಿಯಲ್ಲಿ. ಪಕ್ಕದ್ದೇ ಆರ್‌ಸಿಸಿ ಛಾವಣಿಯ ಪ್ರಯೋಗಾಲಯ. ಸಿರುಗುಪ್ಪದ ಬಿಸಿಲನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ; ಕಾರ್ತಿಕದಲ್ಲೂ ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಮಕ್ಕಳು ಪಾಟಿಚೀಲದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. “ಟೀಚರ್, ನಮ್ಮ ಕ್ಲಾಸು ಭಾಳ ಕಾಯ್ತೈತಿ” ಎನ್ನುತ್ತಿದ್ದರು. “ಎಷ್ಟು ಕಾಯ್ತೈತಿ?” ಎಂದು ಕೇಳಿದೆ. ಉತ್ತರವಿರಲಿಲ್ಲ. ಅಲ್ಲಿಂದ ಒಂದು ಚಟುವಟಿಕೆ ಹುಟ್ಟಿತು. ಎರಡೂ ಕೊಠಡಿಗಳ ಉಷ್ಣತೆಯನ್ನು ದಿನವೂ ಅಳೆಯುವುದು, ಸರಾಸರಿ ತೆಗೆಯುವುದು, ನಕ್ಷೆ ಎಳೆಯುವುದು, ಅದನ್ನು ಶಾಲಾಭಿವೃದ್ಧಿ ಸಮಿತಿಯ ಮುಂದಿಟ್ಟು ಮಧ್ಯಾಹ್ನವಾದರೂ ನಮಗೆ ಬೇರೆ ಜಾಗ ಕೊಡಿ ಎಂದು ಕೇಳುವುದು.

ಹಿಂದಿದ್ದ ವಿಜ್ಞಾನ ಶಿಕ್ಷಕರು ವರ್ಗವಾಗಿ ಹೋಗುವ ಮುನ್ನ ಒಂದು ರಾಸ್‌ಬೆರಿ ಪೈ 3 ಮಾಡೆಲ್ ಬಿ ತಂದಿಟ್ಟಿದ್ದರು. 2016ರಲ್ಲಿ ಬಂದ ಮಾದರಿ ಅದು. 1 ಜಿಬಿ ಮೆಮೊರಿ, ಹಾರ್ಡ್ ಡಿಸ್ಕ್ ಇಲ್ಲ. ಮೊಬೈಲಿಗೆ ಹಾಕುವಂಥ ಒಂದು ಎಸ್‌ಡಿ ಕಾರ್ಡಿನಲ್ಲೇ ಅದರ ಸರ್ವಸ್ವ. ಎರಡು ಡಿಎಚ್‌ಟಿ22 ಸಂವೇದಕಗಳನ್ನು ತಂತಿ ಎಳೆದು ಎರಡು ಕೊಠಡಿಗಳಲ್ಲಿ ತೂಗುಹಾಕಿದೆವು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಗಂಟೆಗೊಮ್ಮೆ ಅದು ಉಷ್ಣತೆಯನ್ನು ಒಂದು ಕಡತದಲ್ಲಿ ಬರೆದುಕೊಳ್ಳುತ್ತಿತ್ತು. ಮೊದಲ ಮೂರು ದಿನ ಮಕ್ಕಳು ನೋಟ್‌ಬುಕ್ಕಿನಲ್ಲೂ ಬರೆದರು. ಆಮೇಲೆ “ಮಿಷನ್ನೇ ಬರ್ಕಂತೈತಲ್ಲ ಟೀಚರ್” ಎಂದು ಬಿಟ್ಟರು. ನಾನೂ ಸುಮ್ಮನಾದೆ. ಇದು ನನ್ನ ಮೊದಲ ತಪ್ಪು.

19 ದಿನಗಳ ದಾಖಲೆ ಸೇರಿದಾಗ ನಕ್ಷೆ ಬಿಡಿಸಲು ಕೂತೆವು. ನಕ್ಷೆಯಲ್ಲಿ ‘ಶೀಟ್ ಕೊಠಡಿ’ ಎಂದು ಬರೆಯಬೇಕಾದಲ್ಲಿ ಬರೀ ಚೌಕಗಳು ಬಂದವು. ಆ ಕಾರ್ಡಿನಲ್ಲಿ ಕನ್ನಡದ ಫಾಂಟ್ ಇರಲಿಲ್ಲ. ‘ಗುಬ್ಬಿ’, ‘ನವಿಲು’ ಎಂಬ ಒಳ್ಳೆಯ ಮುಕ್ತ ಫಾಂಟುಗಳು ಲಿನಕ್ಸಿಗೆ ಉಂಟು. ಅವುಗಳಲ್ಲೊಂದನ್ನು ಹಾಕಿದ್ದರೆ ಕೆಲಸ ಐದು ನಿಮಿಷದ್ದು. ಆದರೆ ಪರಿಚಯದವರೊಬ್ಬರು ಫೋನಿನಲ್ಲಿ, “ಅದು ಹಳೇದಾಯ್ತು, ಪೂರ್ತಿ ಅಪ್‌ಗ್ರೇಡ್ ಮಾಡಿಬಿಡು, ಎಲ್ಲಾ ಸರಿಹೋಗ್ತದೆ” ಎಂದರು. ನಾನು ಸ್ಟ್ರೆಚ್ ಎಂಬ ಹಳೆಯ ಆವೃತ್ತಿಯಿಂದ ಆ ವರ್ಷ ಜೂನಿನಲ್ಲಿ ಬಂದಿದ್ದ ಬಸ್ಟರ್ ಆವೃತ್ತಿಗೆ ದಾರಿ ಬದಲಿಸಿ, ನನ್ನ ಮೊಬೈಲಿನ ನೆಟ್ ಹಚ್ಚಿ, ಫುಲ್ ಅಪ್‌ಗ್ರೇಡ್ ಆದೇಶ ಕೊಟ್ಟೆ. ಫಾಂಟ್ ಬೇಕಿದ್ದವಳು ಇಡೀ ವ್ಯವಸ್ಥೆಯನ್ನೇ ಬದಲಿಸಲು ಹೊರಟೆ.

ಅದು ನವೆಂಬರಿನ ಕೊನೆಯ ಶುಕ್ರವಾರ. ನಾಲ್ಕೂವರೆಯಾದರೂ ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಓಡುತ್ತಲೇ ಇದ್ದವು. ಒಂದು ಕಡೆ ನಿಂತವು. ಕೊನೆಯ ಸಾಲುಗಳಲ್ಲಿ ಜಾಗ ಉಳಿದಿಲ್ಲ ಎಂಬರ್ಥದ ಮಾತಿತ್ತು. ಓದಿದೆ, ಆದರೆ ಓದಲಿಲ್ಲ. ಬಾಗಿಲು ಹಾಕಲು ಜವಾನರು ಬೀಗ ಹಿಡಿದು ನಿಂತಿದ್ದರು. ಆಫ್ ಮಾಡಿ ಬಂದೆ.

ಶನಿವಾರ

ಮರುದಿನ ಬೆಳಿಗ್ಗೆ ಪ್ಲಗ್ ಹಾಕಿದರೆ ಪರದೆ ಕಪ್ಪು. ಕೆಂಪು ದೀಪ ಉರಿಯುತ್ತಿದೆ, ಹಸಿರು ದೀಪ ಮಿಣುಕುತ್ತಿದೆ, ಅಷ್ಟೇ. ಅಡಾಪ್ಟರ್ ಬದಲಿಸಿದೆ, ಟಿವಿಯ ಕೇಬಲ್ ಬದಲಿಸಿದೆ, ಕಾರ್ಡನ್ನು ತೆಗೆದು ಸೆರಗಿನಿಂದ ಒರೆಸಿ ಹಾಕಿದೆ. ಯಾವುದಕ್ಕೆ ಯಾಕೆ ಮಾಡುತ್ತಿದ್ದೇನೆ ಎಂಬ ಯೋಚನೆ ಇರಲಿಲ್ಲ; ಕೈ ಸುಮ್ಮನಿರಲಿಲ್ಲ, ಅಷ್ಟೇ.

ಮಕ್ಕಳು ಸುತ್ತ ನಿಂತಿದ್ದರು. ಅವರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗನಿದ್ದ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಅವ್ವನ ಜೊತೆ ಹೊಲಕ್ಕೆ ಹೋಗುವವನು. ವಾರಕ್ಕೆ ಎರಡು ದಿನ ಗೈರು. ನನ್ನ ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ದಶಮಾಂಶ ಬರುವುದಿಲ್ಲ, ಪರಿಹಾರ ಬೋಧನೆ ಅಗತ್ಯ’ ಎಂದು ಬರೆದಿದ್ದೆ. ಅವನು ಬಗ್ಗಿ ದೀಪವನ್ನೇ ನೋಡುತ್ತಿದ್ದ. “ಟೀಚರ್, ಏಳು ಸಲ ಮಿಣುಕಿ ನಿಂದರ್ತೈತಿ. ಮತ್ತ ಏಳು ಸಲ” ಎಂದ. “ಸುಮ್ನಿರಪ್ಪ” ಎಂದೆ.

ಕಚೇರಿಯ ಲ್ಯಾಪ್‌ಟಾಪಿಗೆ ಕಾರ್ಡ್ ಹಾಕಿದೆವು. ಅದು ವಿಂಡೋಸ್. ಎರಡು ಡ್ರೈವ್ ತೋರಿಸಿತು. ಬೂಟ್ ಎಂಬ ಹೆಸರಿನ ಚಿಕ್ಕದು ತೆರೆಯಿತು. ದೊಡ್ಡದನ್ನು ಒತ್ತಿದರೆ, ‘ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳಿತು. ಸುತ್ತ ನಿಂತವರೆಲ್ಲ ಮಾಡಿಬಿಡಿ ಎಂದರು. ಬೆರಳು ಮೌಸಿನ ಮೇಲಿತ್ತು. ಮಾಡಿದರೆ ಕಾರ್ಡ್ ಹೊಸದಾಗುತ್ತದೆ, ಸೋಮವಾರ ಎಲ್ಲವನ್ನೂ ಮೊದಲಿನಿಂದ ಹಾಕಬಹುದು. ಆಗ ಒಬ್ಬ ಹುಡುಗಿ ಕೇಳಿದಳು, “ಟೀಚರ್, ನಮ್ಮ ಲೆಕ್ಕ ಎಲ್ಲಾ ಅದ್ರಾಗೇ ಐತಲ್ಲ?”

ಕಾರ್ಡ್ ತೆಗೆದೆ. ಪೈಯನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಊರಿನ ಬಸ್ಸು ಹತ್ತಿದೆ. ವಿಂಡೋಸಿಗೆ ಲಿನಕ್ಸಿನ ಆ ಎರಡನೆಯ ವಿಭಾಗವನ್ನು ಓದಲು ಬರುವುದಿಲ್ಲ. ತನಗೆ ಓದಲು ಬಾರದ್ದನ್ನು ಅದು ಖಾಲಿ ಎಂದು ತಿಳಿದು ಅಳಿಸಲೇ ಎಂದು ಕೇಳುತ್ತದೆ. ಇದು ನನಗೆ ಗೊತ್ತಾದದ್ದು ಸೋಮವಾರ.

ಮಾವನ ಟೆಸ್ಟ್ ಲ್ಯಾಂಪು

ಕುರುಗೋಡಿನಲ್ಲಿ ನಮ್ಮ ಸೋದರಮಾವ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಭಾನುವಾರ ದೊಡ್ಡ ಬಸವೇಶ್ವರನ ಗುಡಿಗೆ ಹೋಗಿ ಬಂದು ಚಹಾ ಕುಡಿಯುವಾಗ ನನ್ನ ಸಪ್ಪೆ ಮುಖ ನೋಡಿ ವಿಚಾರಿಸಿದರು. ಕಂಪ್ಯೂಟರಿನ ವಿಷಯ ಅವರಿಗೆ ಗೊತ್ತಿಲ್ಲ. ಆದರೂ ಕೇಳಿದರು.

“ನೋಡವ್ವ, ಬೋರು ನೀರು ಎತ್ತವಲ್ದು ಅಂತ ಫೋನ್ ಬಂದ ಕೂಡ್ಲೇ ಮೋಟರ್ ಮೇಲಕ್ಕೆ ಎಳೆಸಿದ್ರೆ ರೈತನ ದುಡ್ಡು ಹೊಕ್ಕೈತಿ. ಮೊದ್ಲು ಕರೆಂಟ್ ಎಲ್ಲೀತನ ಬಂದೈತಿ ನೋಡ್ಬೇಕು. ಕಂಬದಾಗ ಐತೇನು? ಫ್ಯೂಸಿನಾಗ ಐತೇನು? ಸ್ಟಾರ್ಟರಿಗೆ ಬಂದೈತೇನು? ಸ್ಟಾರ್ಟರಿನಿಂದ ಹೊರಗ ಹೊಂಟೈತೇನು? ಎಲ್ಲಿ ಲ್ಯಾಂಪು ಹತ್ತಂಗಿಲ್ಲೋ ಅದರ ಹಿಂದಿನ ಜಾಗದಾಗೇ ಕೆಟ್ಟಿರ್ತೈತಿ. ನಿನ್ನ ಮಿಷನ್ನು ಎಲ್ಲೀತನ ಬಂದು ನಿಂತೈತಿ?”

ನನಗೆ ಗೊತ್ತಿರಲಿಲ್ಲ. ಅದು ಹಂತ ಹಂತವಾಗಿ ಏಳುತ್ತದೆ ಎಂಬುದನ್ನೇ ನಾನು ಯೋಚಿಸಿರಲಿಲ್ಲ. ಕೆಲಸ ಮಾಡುತ್ತದೆ, ಇಲ್ಲವೇ ಕೆಟ್ಟಿದೆ. ನನ್ನ ಮಟ್ಟಿಗೆ ಇದ್ದದ್ದು ಎರಡೇ ಸ್ಥಿತಿ.

ಆ ರಾತ್ರಿ ಮೊಬೈಲಿನಲ್ಲಿ ಕೂತು ಓದಿದೆ. ಪೈ 3 ಏಳುವ ಕ್ರಮ ಸ್ಥೂಲವಾಗಿ ಹೀಗಿದೆ. ಕರೆಂಟ್ ಬಂದೊಡನೆ ಮೊದಲು ಎಚ್ಚರವಾಗುವುದು ಚಿಪ್ಪಿನ ಚಿತ್ರ ಮೂಡಿಸುವ ಭಾಗ. ಅದು ಕಾರ್ಡಿನ ಮೊದಲ ಚಿಕ್ಕ ವಿಭಾಗವಾದ ಬೂಟ್‌ನಿಂದ ಬೂಟ್‌ಕೋಡ್ ಎಂಬ ಪುಟ್ಟ ಕಡತವನ್ನು, ಆಮೇಲೆ ಸ್ಟಾರ್ಟ್ ಎಂಬ ಕಡತವನ್ನು ಓದುತ್ತದೆ. ನಂತರ ಕಾನ್ಫಿಗ್ ಕಡತದ ಸೂಚನೆಗಳನ್ನು ನೋಡಿ ಕರ್ನಲ್ಲನ್ನು ಮೆಮೊರಿಗೆ ತುಂಬಿ ಮುಖ್ಯ ಪ್ರೊಸೆಸರಿಗೆ ಒಪ್ಪಿಸುತ್ತದೆ. ಕರ್ನಲ್ ಎಂದರೆ ಯಂತ್ರಕ್ಕೂ ಉಳಿದೆಲ್ಲ ಪ್ರೋಗ್ರಾಮುಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ತಿರುಳು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬುದು ಮೂಲತಃ ಈ ತಿರುಳಿನ ಹೆಸರೇ. ಕರ್ನಲ್ ಎದ್ದ ಮೇಲೆ ಕಮಾಂಡ್‌ಲೈನ್ ಕಡತದಲ್ಲಿ ಬರೆದ ಗುರುತು ಹಿಡಿದು ಕಾರ್ಡಿನ ಎರಡನೆಯ ದೊಡ್ಡ ವಿಭಾಗವನ್ನು ಹುಡುಕುತ್ತದೆ. ಅದು ಸಿಕ್ಕ ಮೇಲೆ ವೈಫೈ, ಪರದೆ, ನಮ್ಮ ಕಡತಗಳು.

ಒಂದೊಂದು ಹಂತದಲ್ಲಿ ನಿಂತಾಗಲೂ ಒಂದೊಂದು ಕುರುಹು ಇದೆ. ಕೆಂಪು ದೀಪವೇ ಆರಿದರೆ ಅಥವಾ ಪರದೆಯ ಮೇಲೆ ಮಿಂಚಿನ ಗುರುತು ಬಂದರೆ ವೋಲ್ಟೇಜ್ ಸಾಲದು. ಹಸಿರು ದೀಪ 4 ಸಲ ಮಿಣುಕಿದರೆ ಸ್ಟಾರ್ಟ್ ಕಡತ ಸಿಗಲಿಲ್ಲ. 7 ಸಲ ಮಿಣುಕಿದರೆ ಕರ್ನಲ್ ಸಿಗಲಿಲ್ಲ. ಬಣ್ಣಬಣ್ಣದ ಚೌಕ ಬಂದು ನಿಂತುಬಿಟ್ಟರೆ ಸಾಮಾನ್ಯವಾಗಿ ಕರ್ನಲ್ ಏಳಲಿಲ್ಲ.

7 ಸಲ! ಶನಿವಾರವೇ ಆ ಹುಡುಗ ಎಣಿಸಿ ಹೇಳಿದ್ದ. ನಾನು ಸುಮ್ಮನಿರು ಎಂದಿದ್ದೆ. ಅಡಾಪ್ಟರ್, ಕೇಬಲ್ ಎಂದು ನಾನು ಬದಲಿಸಿದ್ದೆಲ್ಲ ಅದಕ್ಕಿಂತ ಹಿಂದಿನ ಹಂತಗಳಿಗೆ ಸೇರಿದ್ದು. ಯಂತ್ರ ಅಷ್ಟು ದೂರ ಬಂದಾಗಿತ್ತು.

ಬಳ್ಳಾರಿಯ ಪ್ರಯೋಗಾಲಯದಲ್ಲಿ

ಸೋಮವಾರ ಮಾರ್ಗದರ್ಶಿ ಶಿಕ್ಷಕರ ಅನುಮತಿ ಪಡೆದು ಬಳ್ಳಾರಿಗೆ ಹೋದೆ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಉಬುಂಟು ಇದ್ದ ಒಂದು ಕಂಪ್ಯೂಟರಿದೆ. ಲ್ಯಾಬ್ ನೋಡಿಕೊಳ್ಳುವ ಸರ್ ಮೊದಲು ಮಾಡಿಸಿದ ಕೆಲಸ ರಿಪೇರಿಯದ್ದಲ್ಲ. ಇಡೀ ಕಾರ್ಡಿನ ಒಂದು ಪ್ರತಿ ತೆಗೆಸಿದರು. “ಇನ್ನು ಮೇಲೆ ಎಷ್ಟು ಬೇಕಾದರೂ ತಪ್ಪು ಮಾಡಮ್ಮ” ಎಂದರು. ಎರಡನೆಯ ವಿಭಾಗ ಉಬುಂಟುವಿನಲ್ಲಿ ಸಲೀಸಾಗಿ ತೆರೆಯಿತು. 19 ದಿನ, ದಿನಕ್ಕೆ 7 ಸಲ, 133 ಸಾಲುಗಳು, ಒಂದೂ ಕಳೆದಿರಲಿಲ್ಲ. ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಗೆ ಹೋಗಿ ನೀರು ಕುಡಿದು ಬಂದೆ.

ಆಮೇಲೆ ಬೂಟ್ ವಿಭಾಗ ನೋಡಿದೆವು. 2017ರಲ್ಲಿ ಸಿದ್ಧಪಡಿಸಿದ ಕಾರ್ಡ್ ಅದು. ಬೂಟ್‌ಗೆ ಕೊಟ್ಟಿದ್ದು 40 ಎಂಬಿ ಆಸುಪಾಸಿನ ಜಾಗ. 2019ರಲ್ಲಿ ಪೈ 4 ಬಂದ ಮೇಲೆ ಅದಕ್ಕೆ ಬೇಕಾದ ಕರ್ನಲ್ಲು, ಸ್ಟಾರ್ಟ್ ಕಡತಗಳೂ ಅದೇ ಕಟ್ಟಿನಲ್ಲಿ ಸೇರಿದ್ದವು. ನಮ್ಮ ಪೈ 3ಕ್ಕೆ ಅವು ಬೇಡ, ಆದರೂ ಬಂದು ಕೂತಿದ್ದವು. ಹಳೆಯ ಕರ್ನಲ್ಲನ್ನು ಪಕ್ಕಕ್ಕೆ ಸರಿಸಿ ಹೊಸದನ್ನು ಇಡುವ ಹೊತ್ತಿಗೆ ಜಾಗ ಮುಗಿದಿತ್ತು. ಹಳೆಯದೂ ಸ್ಥಳದಲ್ಲಿಲ್ಲ, ಹೊಸದೂ ಇಲ್ಲ. ಶುಕ್ರವಾರ ಸಂಜೆಯ ಕೊನೆಯ ಸಾಲು ಹೇಳಿದ್ದು ಇದನ್ನೇ.

ಬಸ್ಟರ್‌ನ ಹೊಸ ಇಮೇಜಿನಿಂದ ಪೈ 3ಕ್ಕೆ ಬೇಕಾದ ಬೂಟ್ ಕಡತಗಳನ್ನು ಮಾತ್ರ ತಂದು ಹಾಕಿದೆ. ಆತುರದಲ್ಲಿ ಕಮಾಂಡ್‌ಲೈನ್ ಕಡತವನ್ನೂ ತಂದುಬಿಟ್ಟೆ. ಈ ಸಲ ಬಣ್ಣದ ಚೌಕ ಬಂತು, ಹೋಯಿತು, ಪರದೆ ಮತ್ತೆ ಕಪ್ಪು. ನನಗೆ ಅಳು ಬಂತು. ಸರ್ ನಕ್ಕರು. “ಮುಂದಕ್ಕೆ ಬಂದಿದೆಯಲ್ಲಮ್ಮ, ಯಾಕೆ ಅಳ್ತೀ?” ಎಂದು ಆ ಕಡತದಲ್ಲಿದ್ದ ಕ್ವಯಟ್ ಎಂಬ ಒಂದು ಪದವನ್ನು ತೆಗೆಸಿದರು. ಆ ಪದವಿದ್ದರೆ ಕರ್ನಲ್ ತನ್ನ ಮಾತುಗಳನ್ನು ಪರದೆಗೆ ತರದೆ ಒಳಗೇ ಇಟ್ಟುಕೊಳ್ಳುತ್ತದೆ. ತೆಗೆದ ಮೇಲೆ ಸಾಲುಗಳು ಸುರಿದವು. ಕೊನೆಯದರಲ್ಲಿ, ಮೂಲ ವಿಭಾಗಕ್ಕಾಗಿ ಕಾಯುತ್ತಿದ್ದೇನೆ ಎಂದಿತ್ತು. ಹೊಸ ಕಡತದಲ್ಲಿದ್ದ ವಿಭಾಗದ ಗುರುತು ನಮ್ಮ ಕಾರ್ಡಿನದ್ದಾಗಿರಲಿಲ್ಲ. ಕರ್ನಲ್ ಎದ್ದು, ತಪ್ಪು ವಿಳಾಸ ಹಿಡಿದು, ಬಾಗಿಲಲ್ಲಿ ನಿಂತಿತ್ತು. ಹಳೆಯ ಕಮಾಂಡ್‌ಲೈನ್ ಕಡತವನ್ನು ಪ್ರತಿಯಿಂದ ತಂದು ಹಾಕಿದೆ. ಲಾಗಿನ್ ಬಂತು.

ತರಗತಿಯಲ್ಲಿ ಎಲ್ಲರೂ ಸುಮ್ಮನಿದ್ದರೆ ನನ್ನ ವೀಕ್ಷಕರು ‘ತರಗತಿ ನಿರ್ವಹಣೆ ಉತ್ತಮ’ ಎಂದು ಬರೆಯುತ್ತಿದ್ದರು, ನಾನೂ ಹಿಗ್ಗುತ್ತಿದ್ದೆ. ಅವತ್ತು ಬಸ್ಸಿನಲ್ಲಿ ತೆಕ್ಕಲಕೋಟೆ ದಾಟುವವರೆಗೂ ಆ ಒಂದು ಪದದ ಬಗ್ಗೆಯೇ ಯೋಚಿಸುತ್ತಿದ್ದೆ.

4.9 ದೊಡ್ಡದೋ, 4.19 ದೊಡ್ಡದೋ?

ಮಂಗಳವಾರ ಶಾಲೆಯಲ್ಲಿ ಮಕ್ಕಳ ಮುಂದೆ ಪೈ ಹಚ್ಚಿದೆ. ಎದ್ದಿತು. ಚಪ್ಪಾಳೆ. ಆದರೆ ವೈಫೈ ಇಲ್ಲ. ಮಾವನ ಪ್ರಶ್ನೆ ಈಗ ಬಾಯಿಗೆ ಬಂದಿತ್ತು: ಎಲ್ಲಿಯವರೆಗೆ ಬಂದಿದೆ? ಕೀಬೋರ್ಡ್ ಕೆಲಸ ಮಾಡುತ್ತಿದೆ, ಪರದೆ ಇದೆ, ಕಡತಗಳಿವೆ. ವೈಫೈ ಮಾತ್ರ ಇಲ್ಲ. ಈಗ ಓಡುತ್ತಿರುವ ಕರ್ನಲ್ಲಿನ ಆವೃತ್ತಿ ಕೇಳಿದೆ, 4.19 ಎಂದಿತು. ಕರ್ನಲ್ಲಿನ ಜೊತೆಗಾರ ತುಣುಕುಗಳಾದ ಮಾಡ್ಯೂಲುಗಳನ್ನು ಇಡುವ ಜಾಗ ನೋಡಿದೆ, ಅಲ್ಲಿ 4.9ರವು ಮಾತ್ರ ಇದ್ದವು. ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದ್ದರಿಂದ ಹೊಸ ಮಾಡ್ಯೂಲುಗಳು ಬಂದೇ ಇರಲಿಲ್ಲ. ವೈಫೈಯ ಮಾಡ್ಯೂಲ್ ಸಿಗದೆ ಕರ್ನಲ್ ಅದನ್ನು ಬಿಟ್ಟು ಮುಂದೆ ಹೋಗಿತ್ತು.

ಎರಡೂ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು, “ಇವುಗಳಲ್ಲಿ ಹೊಸದು ಯಾವುದು?” ಎಂದೆ. ಮುಂದಿನ ಬೆಂಚಿನವರೆಲ್ಲ “4.9 ದೊಡ್ಡದು ಟೀಚರ್, ಅದೇ ಹೊಸದು” ಎಂದರು. ಹಿಂದಿನ ಬೆಂಚಿನ ಹುಡುಗ “4.19” ಎಂದ. ಯಾಕೆ ಎಂದೆ. “ಒಂಬತ್ತಾದ ಮ್ಯಾಲೆ ಹತ್ತು, ಹನ್ನೊಂದು ಬರ್ತಾವಲ್ಲ. ಹತ್ತೊಂಬತ್ತು ದೊಡ್ಡದು.”

ತಪ್ಪು ಎನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. ಇಲ್ಲಿ ಅವನೇ ಸರಿ. ಆವೃತ್ತಿಯ ಸಂಖ್ಯೆಯಲ್ಲಿರುವ ಚುಕ್ಕಿ ದಶಮಾಂಶ ಬಿಂದುವಲ್ಲ. ಅದು ನಾಲ್ಕನೆಯ ಸರಣಿಯ ಹತ್ತೊಂಬತ್ತನೆಯದು. ನಮ್ಮ ಗಣಿತ ಪುಸ್ತಕದಲ್ಲೇ ಅಭ್ಯಾಸ 4.1, 4.2 ಎಂದು ಸಂಖ್ಯೆ ಕೊಡುವುದಿಲ್ಲವೇ, ಅದೇ ರೀತಿ.

ಅಲ್ಲಿಗೆ ನನಗೆ ಇನ್ನೊಂದು ಹೊಳೆಯಿತು. ಸಂಜೆ ಅವನ ಹಳೆಯ ಉತ್ತರಪತ್ರಿಕೆ ತೆಗೆದೆ. ‘ಯಾವುದು ದೊಡ್ಡದು’ ಎಂಬ 10 ಜೋಡಿಗಳು. 6 ಸರಿ, 4 ತಪ್ಪು. ಕೊಠಡಿಯ ಸರಾಸರಿಗಳಾದ 33.5 ಮತ್ತು 33.25ರಲ್ಲಿ 33.25 ದೊಡ್ಡದು ಎಂದು ಬರೆದಿದ್ದ. 33.75 ಮತ್ತು 33.5ರಲ್ಲಿ 33.75 ದೊಡ್ಡದು ಎಂದಿದ್ದ. ಸರಿ ಎಂದು ಗುರುತು ಹಾಕಿದ್ದೆ. ಹತ್ತನ್ನೂ ಸಾಲಾಗಿಟ್ಟು ನೋಡಿದರೆ ಒಂದೇ ನಿಯಮ: ಚುಕ್ಕಿಯ ಬಲಗಡೆ ಇರುವುದನ್ನು ಪೂರ್ಣಸಂಖ್ಯೆಯಂತೆ ಓದು, ದೊಡ್ಡದನ್ನು ಆರಿಸು. ಅವನು ಊಹಿಸಿ ಬರೆದಿರಲಿಲ್ಲ. ಹತ್ತೂ ಕಡೆ ತನ್ನ ನಿಯಮವನ್ನು ತಪ್ಪದೆ ಪಾಲಿಸಿದ್ದ. ಸರಿಯಾದ ಆರರಲ್ಲಿ ಆ ನಿಯಮ ಅಕಸ್ಮಾತ್ ಸರಿಯುತ್ತರ ಕೊಟ್ಟಿತ್ತು, ಅಷ್ಟೇ. ಹತ್ತಕ್ಕೆ ಆರು ಎಂಬ ನನ್ನ ಅಂಕ ಅವನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ಅಮೆರಿಕದಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಕೆಲಸವನ್ನು ನಮ್ಮ ಮೌಲ್ಯಮಾಪನ ಪತ್ರಿಕೆಯ ಓದುಗರು ಕೇಳಿರಬಹುದು. ಮಕ್ಕಳ ವ್ಯವಕಲನದ ತಪ್ಪುಗಳಲ್ಲಿ ಬಹಳಷ್ಟು ಅಜಾಗರೂಕತೆಯವಲ್ಲ, ಒಂದು ತಪ್ಪು ವಿಧಾನವನ್ನು ಶಿಸ್ತಾಗಿ ಅನುಸರಿಸಿದ್ದರ ಫಲ ಎಂದು ಅವರು ತೋರಿಸಿದರು. ಅಂಥ ತಪ್ಪಿಗೆ ಅವರು ಕೊಟ್ಟ ಹೆಸರು, ಪ್ರೋಗ್ರಾಮಿನ ದೋಷಕ್ಕೆ ಕಂಪ್ಯೂಟರಿನವರು ಹೇಳುವ ಬಗ್ ಎಂಬ ಪದವೇ. ಪರೀಕ್ಷೆಗೆ ನಾನೂ ಅದನ್ನು ಬರೆದಿದ್ದೆ. ಆದರೆ ಒಂದು ಮಗುವಿನ ಪತ್ರಿಕೆಯ ಮೇಲೆ ಇಟ್ಟು ನೋಡಿರಲಿಲ್ಲ.

ಹಿಂದಿನ ಎರಡು ವಾರ ಅವನಿಗೆ ನಾನು ಕೊಟ್ಟಿದ್ದ ಪರಿಹಾರ ಬೋಧನೆ ಏನು? ದಶಮಾಂಶದ ಪಾಠವನ್ನು ಮೊದಲ ಪುಟದಿಂದ ಮತ್ತೆ ಮಾಡಿದ್ದೆ. ಅದು ಫಾರ್ಮ್ಯಾಟೇ. ನನಗೆ ಓದಲು ಬಾರದ್ದನ್ನು ಖಾಲಿ ಎಂದುಕೊಂಡಿದ್ದೆ.

ಬುಧವಾರ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ, “ಮೆಣಸಿನಕಾಯಿ ಚೀಲ ಕಾಟಾಕ್ಕೆ ಹಾಕ್ತಾರಲ್ಲ, ಒಂದು ಚೀಲ ಮೂವತ್ಮೂರೂವರೆ ಕಿಲೋ ಬಂದ್ರೆ ಕಾಟಾದಾಗ ಹೆಂಗ ಕಾಣ್ತೈತಿ?” ಅವನು ತಡವಿಲ್ಲದೆ ಬರೆದ: 33.500. “ಮೂವತ್ಮೂರೂ ಕಾಲು?” 33.250. “ಯಾವ ಚೀಲ ಹೆಚ್ಚು ತೂಗ್ತೈತಿ?” ನನ್ನನ್ನು ಪೆದ್ದಿಯಂತೆ ನೋಡಿದ. ಆ ಕೊನೆಯ ಸೊನ್ನೆಗಳನ್ನು ನಾನು ಕೈಯಿಂದ ಮುಚ್ಚಿದೆ. ಸ್ವಲ್ಪ ಹೊತ್ತು ನೋಡಿ, “ಅಂದ್ರ ಈ ಐದು, ಐನೂರು ಗ್ರಾಮಿನ ಐದು” ಎಂದ.

ಇಲ್ಲಿ ಒಂದು ಎಚ್ಚರಿಕೆ. ಕಾಟಾ ಅಥವಾ ರೂಪಾಯಿ-ಪೈಸೆಯ ಉದಾಹರಣೆ ಅಲ್ಲಿಗೇ ನಿಂತರೆ ಅಪಾಯವೂ ಉಂಟು. ಚುಕ್ಕಿಯ ಎಡಕ್ಕೊಂದು ಸಂಖ್ಯೆ, ಬಲಕ್ಕೊಂದು ಸಂಖ್ಯೆ ಎಂಬ ಭಾವನೆಯೇ ಗಟ್ಟಿಯಾಗಬಹುದು. ಹಾಗಾಗಿ ಹತ್ತನೆಯ ಒಂದು, ನೂರನೆಯ ಒಂದು ಎಂಬ ಸ್ಥಾನಬೆಲೆಗೆ ಬರಲೇಬೇಕು. ಮರುದಿನ ಇಡೀ ತರಗತಿಗೆ ‘ಚುಕ್ಕಿ ಎಲ್ಲೆಲ್ಲಿ ಏನೇನು?’ ಎಂಬ ಚಟುವಟಿಕೆ ಮಾಡಿದೆ. ಕ್ರಿಕೆಟ್ಟಿನಲ್ಲಿ 19.5 ಓವರ್ ಎಂದರೆ ಹತ್ತೊಂಬತ್ತೂವರೆಯಲ್ಲ, ಇನ್ನೊಂದೇ ಚೆಂಡು ಬಾಕಿ ಎಂದು ಮಕ್ಕಳೇ ಹೇಳಿದರು. ಅಭ್ಯಾಸದ ಸಂಖ್ಯೆ, ಕರ್ನಲ್ಲಿನ ಆವೃತ್ತಿ, ಓವರು, ಉಷ್ಣತೆ, ತೂಕ. ಐದು ಕಡೆಯ ಚುಕ್ಕಿಗಳಲ್ಲಿ ಎರಡು ಮಾತ್ರ ದಶಮಾಂಶ ಬಿಂದು. ಉಳಿದ ಮಕ್ಕಳಲ್ಲೂ ಗೊಂದಲವಿತ್ತು ಎಂಬುದು ಆಗ ಹೊರಬಿತ್ತು, ಅವರು 4.9 ಹೊಸದು ಎಂದದ್ದೂ ಅದರದೇ ಇನ್ನೊಂದು ಮುಖ.

ಆ ಮೇಲೆ

ಪೈಯನ್ನು ಕೊನೆಗೆ ಹೇಗೆ ಸರಿಮಾಡಿದೆ ಎಂದು ಕೇಳಬಹುದು. ಹೊಸ 16 ಜಿಬಿ ಕಾರ್ಡ್ ಕೊಂಡು, ಅದಕ್ಕೆ ಬಸ್ಟರ್ ಹಾಕಿ, ಮಕ್ಕಳ ಕಡತವನ್ನೂ ಒಂದು ಕನ್ನಡ ಫಾಂಟನ್ನೂ ಸೇರಿಸಿದೆ. ಹೊಸದರಲ್ಲಿ ಬೂಟ್ ವಿಭಾಗವೇ 256 ಎಂಬಿ. ಹಳೆಯ ಕಾರ್ಡನ್ನು ಎಷ್ಟು ರಿಪೇರಿ ಮಾಡಿದರೂ ಅದರ ಜಾಗ ಅಷ್ಟೇ ಇರುತ್ತಿತ್ತು, ಮುಂದಿನ ಅಪ್‌ಗ್ರೇಡಿಗೆ ಮತ್ತೆ ಅಲ್ಲೇ ಬೀಳುತ್ತಿತ್ತು. ಅಂದರೆ ಶನಿವಾರ ಎಲ್ಲರೂ ಹೇಳಿದಂತೆ ಹೊಸದಾಗಿಯೇ ಹಾಕಿದೆ. ಆದರೆ ಒಳಗಿದ್ದದ್ದನ್ನು ಉಳಿಸಿಕೊಂಡ ಮೇಲೆ, ಯಾಕೆ ಎಂದು ತಿಳಿದ ಮೇಲೆ. ಮೊದಲಿನಿಂದ ಕಲಿಸಬೇಕಾದ ಮಕ್ಕಳೂ ಇರುತ್ತಾರೆ. ಅದನ್ನು ತೀರ್ಮಾನಿಸುವ ಮುನ್ನ ಒಮ್ಮೆ ಒಳಗೆ ಇಣುಕಬೇಕು ಎಂದಷ್ಟೇ ನನ್ನ ಮಾತು.

ನನ್ನ ನಂತರ ಶಾಲೆಗಳಿಗೆ ಹೋಗುವವರಿಗೆ ಉಪಯೋಗವಾದೀತೆಂದು ದಿನಚರಿಯಲ್ಲಿ ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇನೆ:

1. ಯಂತ್ರವಿರಲಿ, ಉತ್ತರಪತ್ರಿಕೆಯಿರಲಿ, ಕೈ ಹಾಕುವ ಮುನ್ನ ಇದ್ದಂತೆಯೇ ಒಂದು ಪ್ರತಿ ಇಟ್ಟುಕೊಳ್ಳಿ. ತಪ್ಪು ಉತ್ತರಗಳನ್ನು ಅಳಿಸಿ ತಿದ್ದಿಸಿದರೆ ಕುರುಹು ಹೋಗುತ್ತದೆ.

2. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಬದಲಿಸಿ ಸರಿಹೋದರೆ ಯಾವುದರಿಂದ ಎಂದು ತಿಳಿಯದು.

3. ನೈದಾನಿಕ ಪರೀಕ್ಷೆಗೆ ಪ್ರಶ್ನೆ ಆರಿಸುವಾಗ, ಸರಿಯಾದ ನಿಯಮವೂ ತಪ್ಪು ನಿಯಮವೂ ಬೇರೆ ಬೇರೆ ಉತ್ತರ ಕೊಡುವಂಥವನ್ನು ಆರಿಸಿ. 33.75 ಮತ್ತು 33.5ರಿಂದ ಏನೂ ತಿಳಿಯದು, 33.5 ಮತ್ತು 33.25ರಿಂದ ತಿಳಿಯುತ್ತದೆ.

4. ಫಾಂಟ್ ಬೇಕಿದ್ದರೆ ಫಾಂಟ್ ಹಾಕಿ.

5. ಮಿಷನ್ ಬರೆದುಕೊಂಡರೂ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆಯಲಿ.

ಮುಂದಿನ ವಾರ ಮಕ್ಕಳು ನಕ್ಷೆಯನ್ನು ಸಮಿತಿಯ ಸಭೆಯಲ್ಲಿ ತೋರಿಸಿದರು. ಶೀಟ್ ಬದಲಾಗಲಿಲ್ಲ, ಅದಕ್ಕೆ ಹಣ ಬೇಕು. ಆದರೆ ಮಧ್ಯಾಹ್ನದ ಎರಡು ಪೀರಿಯಡ್ ಎಂಟನೇ ‘ಬಿ’ ಮಕ್ಕಳು ಪ್ರಯೋಗಾಲಯದಲ್ಲಿ ಕೂರಲಿ ಎಂದು ಮುಖ್ಯಗುರುಗಳು ವೇಳಾಪಟ್ಟಿ ತಿದ್ದಿದರು. ಸಭೆಯಲ್ಲಿ ಎರಡು ದಿನಗಳ ಸರಾಸರಿಗಳಲ್ಲಿ ಯಾವುದು ಹೆಚ್ಚು ಎಂದು ಸದಸ್ಯರೊಬ್ಬರು ಕೇಳಿದಾಗ ಎದ್ದು ನಿಂತು ಹೇಳಿದವನು ಹಿಂದಿನ ಬೆಂಚಿನವನೇ. ಸರಿಯಾಗಿಯೇ ಹೇಳಿದ. ಮರುದಿನ ಗೈರಾಗಿದ್ದ, ಮೆಣಸಿನಕಾಯಿ ಹಂಗಾಮು ಇನ್ನೂ ಮುಗಿದಿರಲಿಲ್ಲ.

ಇಂಟರ್ನ್‌ಶಿಪ್ ಮುಗಿಸಿ ಹೊರಡುವ ಮೊದಲು ನನ್ನ ಅಂಕಪಟ್ಟಿಯ ಷರಾ ಕಾಲಂ ತಿದ್ದಿದೆ. 11 ಮಕ್ಕಳ ಮುಂದೆ ‘ಬರುವುದಿಲ್ಲ’ ಎಂದಿತ್ತು. ಕಾಲಂನ ತಲೆಬರಹವನ್ನೇ ಹೊಡೆದುಹಾಕಿ, ‘ಎಲ್ಲಿಯವರೆಗೆ ಬಂದಿದೆ’ ಎಂದು ಬರೆದೆ. 4 ಮಕ್ಕಳ ಮುಂದೆ ತುಂಬಲು ಸಾಧ್ಯವಾಯಿತು. ಉಳಿದ 7 ಖಾನೆಗಳನ್ನು ಖಾಲಿ ಬಿಟ್ಟು ಬಂದೆ.